ನಾಲ್ಕನೇ ಖಾನೆ

“ನೀವಾ...?”

ಬನಶ್ರೀಯ ಕೈಯಲ್ಲಿದ್ದ ಕೀಲಿಗೊಂಚಲು ಕೆಳಗೆ ಬಿತ್ತು.

ಗಜೇಂದ್ರಗಡದ ನೇಕಾರರ ಸಂಘದ ಕಚೇರಿ ಬಾಗಿಲಲ್ಲಿ, ಹೆಗಲಿಗೆ ಕಪ್ಪು ಚೀಲ ಹಾಕಿಕೊಂಡು ನಿಂತಿದ್ದವನು ಅರುಣಕುಮಾರ. ಮೂರು ವರ್ಷದ ಮೇಲೆ! ಗಡ್ಡ ಬಿಟ್ಟಿದ್ದ. ಸೊರಗಿದ್ದ. ಕಣ್ಣು ಮಾತ್ರ ಅವೇ...

ಮರುಕ್ಷಣವೇ ಹಳೆಯ ಸಿಟ್ಟು ಉಕ್ಕಿ ಬಂತು.

“ಕಳಕವ್ವಾರು ಫೋನ್ ಮಾಡಿದ್ರು,” ಅವನು ನೆಲ ನೋಡುತ್ತ ಹೇಳಿದ. “ಡಿಸ್ಕ್ ಕೆಟ್ಟೈತಂತ...”

“ಮೊದಲ ಒಮ್ಮೆ ಎಲ್ಲಾ ಹಾಳ ಮಾಡಿದ್ದು ಸಾಲಲಿಲ್ಲೇನು? ಉಳದದ್ದೂ ಮುಗಸಾಕ ಬಂದೀರೇನು?”

ಒಳಗಿನಿಂದ ಸಂಘದ ಕಾರ್ಯದರ್ಶಿ ಕಳಕವ್ವ ಧಾವಿಸಿ ಬಂದಳು.

“ನಾನ ಕರಿಸೀನಿ ಬನಶ್ರೀ, ನನಗ ಬೈ. ಹುಬ್ಬಳ್ಳಿ ಕಂಪನಿಯವ್ರು ನಾಕ ದಿನ ಆಗತೈತಿ ಅಂದ್ರು. ರೋಣ, ನರಗುಂದ, ಎಲ್ಲಾ ಕಡೆ ಕೇಳಿದೆ. ಈ ಪೆಟಗಿ ಗೊತ್ತಿರೋ ಮನಿಷಾ ಇವ್ನ ಒಬ್ಬಾಂವ.”

ಬನಶ್ರೀ ಹಲ್ಲು ಕಚ್ಚಿ ದಾರಿ ಬಿಟ್ಟಳು.

ನಾಲ್ಕು ದಿನ ಕಾಯುವಂತಿರಲಿಲ್ಲ. ಒಳಕೋಣೆಯಲ್ಲಿ ದಾಖಲೆ ಕೂಡಿಡುವ ಆ ಕಂಪ್ಯೂಟರ್ ಪೆಟ್ಟಿಗೆಗೆ ಆರು ಖಾನೆ, ಖಾನೆಗೊಂದು ಡಿಸ್ಕ್. ಹಳೆಯ ಸೀರೆಗಳ ಅಂಚು-ಸೆರಗಿನ ನಕ್ಷೆಗಳು, ವಯಸ್ಸಾದ ನೇಕಾರರು ಕ್ಯಾಮೆರಾದ ಮುಂದೆ ಕೂತು ಹೇಳಿದ ಕಸುಬಿನ ಗುಟ್ಟುಗಳು... ಬನಶ್ರೀ ಕೂಡಿಹಾಕಿದ್ದೆಲ್ಲ ಅದರೊಳಗಿತ್ತು. ಆರರಲ್ಲಿ ಒಂದು ಕೆಟ್ಟರೆ ಉಳಿದ ಐದು ಸೇರಿ ಅದರ ಪಾಲನ್ನು ಕಾಯುತ್ತವೆ. ಪೆಟ್ಟಿಗೆ ನಡೆಯುತ್ತಿರುವಾಗಲೇ ಕೆಟ್ಟದ್ದನ್ನು ಎಳೆದು ಹೊಸದನ್ನು ಕೂರಿಸಬಹುದು. ಆದರೆ ಅಷ್ಟರಲ್ಲಿ ಇನ್ನೊಂದು ಹೋಯಿತೋ, ಎಲ್ಲವೂ ಹೋದಂತೆ!

ಮೂರು ವರ್ಷದ ಹಿಂದೆ ಹಾಗೇ ಆಗಿತ್ತು.

ಆಗ ಅರುಣಕುಮಾರ ಹುಬ್ಬಳ್ಳಿಯ ಒಂದು ಕಂಪನಿಯಲ್ಲಿದ್ದ. ಈ ಪೆಟ್ಟಿಗೆ ಕೂರಿಸಿದವನೇ ಅವನು. ಕಲಿಸಲು ಬಂದವನು, ಬಂದು ಬಂದು ಬನಶ್ರೀಯ ಮನಸ್ಸಿನಲ್ಲೇ ಕೂತುಬಿಟ್ಟ. ಎರಡೂ ಮನೆಯವರು ಒಪ್ಪಿದ್ದರು. ದಿನ ಗೊತ್ತು ಮಾಡುವುದೊಂದೇ ಬಾಕಿ ಇತ್ತು.

ಆಗಲೇ ಮೂರನೇ ಖಾನೆಯ ಡಿಸ್ಕ್ ಕೆಟ್ಟಿತು. ಬದಲಿಸಲು ಬಂದ ಅರುಣಕುಮಾರ ತಪ್ಪಿ ಪಕ್ಕದ ನಾಲ್ಕನೆಯದನ್ನು ಎಳೆದುಬಿಟ್ಟ! “ನನ್ನ ಕೈಯಿಂದ ತಪ್ಪಾತು” ಎಂದು ಅವನೇ ಒಪ್ಪಿಕೊಂಡಿದ್ದ. ನಕ್ಷೆಗಳಲ್ಲಿ ಅರ್ಧ ಹೇಗೋ ಮರಳಿ ಸಿಕ್ಕವು. ವಿಡಿಯೊಗಳು ಒಂದೂ ಸಿಗಲಿಲ್ಲ. ಎಂಬತ್ತೆರಡರ ಯಂಕವ್ವ ಮೂರು ದಿನ ಕೂತು ಹಾಡಿನಂತೆ ಎಣಿಸಿ ಹೇಳಿದ ಅಂಚಿನ ಎಳೆಗಳ ಲೆಕ್ಕವೂ ಹೋಯಿತು. ಮತ್ತೆ ಹೇಳಿಸೋಣವೆಂದರೆ ಆ ಮುದುಕಿ ಅಷ್ಟರಲ್ಲಿ ಕಣ್ಣು ಮುಚ್ಚಿದ್ದಳು.

ಕಂಪನಿ ಅವನನ್ನು ತೆಗೆದುಹಾಕಿತು. ಸಂಘ ಅವನಿಗೆ ಬಾಗಿಲು ಮುಚ್ಚಿತು. ಬನಶ್ರೀ ಮದುವೆಯ ಮಾತು ಮುರಿದಳು.

ಈಗ ಅದೇ ಕೋಣೆಯಲ್ಲಿ ಅವನು ಮೊಣಕಾಲೂರಿ ಕೂತಿದ್ದ.

“ಎರಡನೇ ಖಾನೆ ಕೆಟ್ಟೈತಿ. ಐದನೇದು ಸೈತ ದುರ್ಬಲ ಐತಿ,” ಅಂದ. “ಬಂದ್ ಮಾಡಿದ್ರ ಐದನೇದು ಮತ್ತ ಏಳತೈತೋ ಇಲ್ಲೋ... ನಡಿಯೂ ಹೊತ್ತಿನ್ಯಾಗ ಬದ್ಲಿ ಮಾಡಬೇಕು. ನೀವು ನಿಂತು ನೋಡ್ರಿ. ನೀವು ಹೂಂ ಅಂದ ಮ್ಯಾಲೇ ಎಳೀತೀನಿ.”

ಅವಳು ಪರದೆಯಲ್ಲಿನ ಅಂಕಿ, ಖಾನೆಯ ಮೇಲಿನ ಅಂಕಿ, ಕೆಂಪು ದೀಪ ಎಲ್ಲವನ್ನೂ ಎರಡೆರಡು ಸಲ ನೋಡಿದಳು.

“...ಹೂಂ.”

ಅವನು ಹಿಡಿ ಎತ್ತಿ ಮೆಲ್ಲಗೆ ಎಳೆದ. ಒಳಗೆ ತಿರುಗುತ್ತಿದ್ದದ್ದು ಪೂರ್ತಿ ನಿಲ್ಲುವವರೆಗೆ ಅಂಗೈ ಮೇಲೆ ಹಿಡಿದು ಕಾದ. ಹೊಸದನ್ನು ಜಾರಿಸಿ ಕೂರಿಸಿದ. ಹಸಿರು ದೀಪ ಮಿಣುಕತೊಡಗಿತು.

ಇಷ್ಟು ನಿಧಾನದ ಕೈ! ಇದು ಅವತ್ತು ಹೇಗೆ ತಪ್ಪಿತು? ಬನಶ್ರೀಯ ಮನಸ್ಸಿನಲ್ಲಿ ಮೊದಲ ಸಲ ಆ ಪ್ರಶ್ನೆ ಎದ್ದಿತು.

“ಹೊಸಾದು ತುಂಬಾಕ ಆರ ತಾಸ ಬೇಕು,” ಅಂದವನು ಹೊರಗಿನ ಕಟ್ಟೆಗೆ ಹೋಗಿ ಕೂತ.

ಪರದೆಯಲ್ಲಿ ಎರಡು, ಮೂರು, ನಾಲ್ಕು... ನೂರರಲ್ಲಿ ಇಷ್ಟು ಆಯಿತೆಂದು ಆಮೆಯಂತೆ ಅಂಕಿ ಏರುತ್ತಿತ್ತು. ಆ ಕಡೆ ಮಗ್ಗಗಳ ಸದ್ದು ನಿಂತಿರಲಿಲ್ಲ.

ಮಧ್ಯಾಹ್ನ ಕಳಕವ್ವ ಬಂದಳು. “ಸಂಘಕ್ಕ ವರದಿ ಬೇಕವಾ. ಪೆಟಗಿ ತಾನ ಏನೋ ಬರಕೋತೈತೆಲ್ಲಾ, ಅದನ್ನ ತಗದು ಕೊಡು.”

ಪೆಟ್ಟಿಗೆಗೆ ಆ ಗುಣವಿತ್ತು. ಯಾವ ಖಾನೆ ಎಷ್ಟು ಹೊತ್ತಿಗೆ ತೆರೆಯಿತು, ಎಷ್ಟು ಹೊತ್ತಿಗೆ ಮುಚ್ಚಿತು ಎಂದು ತನ್ನದೇ ಬೇರೆ ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಬನಶ್ರೀ ಅದನ್ನು ಒಮ್ಮೆಯೂ ತೆರೆದು ನೋಡಿದವಳಲ್ಲ. ಇವತ್ತಿನ ಸಾಲುಗಳನ್ನು ತೆಗೆದಳು. ಬೆರಳು ಅಲ್ಲಿಗೇ ನಿಲ್ಲಲಿಲ್ಲ... ಹಿಂದಕ್ಕೆ, ಇನ್ನೂ ಹಿಂದಕ್ಕೆ, ಮೂರು ವರ್ಷದ ಹಿಂದಿನ ಆ ದಿನಕ್ಕೆ ಹೋಯಿತು.

ಹತ್ತು ಗಂಟೆ ಏಳು ನಿಮಿಷ. ನಾಲ್ಕನೇ ಖಾನೆ ಹೊರಗೆ.

ಹತ್ತು ಒಂಬತ್ತು. ಐದನೇ ಖಾನೆ ಹೊರಗೆ.

ಹತ್ತು ಹದಿನಾಲ್ಕು. ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಲು ಒಪ್ಪಿಗೆ.

ಅವಳು ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು.

ಹತ್ತು ಗಂಟೆಗೆ... ಅವನು ಊರಲ್ಲೇ ಇರಲಿಲ್ಲ!

ಇದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವತ್ತು ಅವನನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದವಳು ಅವಳೇ. ಬಸ್ಸು ತಡವಾಗಿ, ಒಂಬತ್ತೂವರೆಯಿಂದ ಹನ್ನೆರಡರವರೆಗೆ ಅಲ್ಲೇ ಕೂತಿದ್ದಳು. ಕಚೇರಿಯ ಬಾಗಿಲು ತೆಗೆದುಕೊಂಡು ಕೂತಿದ್ದವರು ಒಬ್ಬರೇ...

ಅಪ್ಪ.

ಸಂಘದ ಹಳೆಯ ನೇಕಾರ ನಿಜಲಿಂಗಪ್ಪ.

“ಇಲ್ಲ... ಇಲ್ಲ...”

ಅವಳು ಹೊರಗೆ ಓಡಿದಳು. ಅವಳ ಮುಖ ನೋಡುತ್ತಲೇ ಅರುಣಕುಮಾರ ಎದ್ದು ನಿಂತ.

“ಹತ್ತು ಗಂಟೆಕ್ಕ ನೀವು ಬಸ್ಸಿನ್ಯಾಗ ಇದ್ರಿ. ಹೌದಲ್ರಿ?”

ಅವನು ಚೀಲ ಎತ್ತಿಕೊಳ್ಳಲು ಬಾಗಿದ.

“ಖರೇ ಹೇಳ್ರಿ! ಡಿಸ್ಕ್ ಎಳದವ್ರು ಯಾರು?”

“ಬನಶ್ರೀ... ಅಪ್ಪಾರು ತೀರಿಕೊಂಡು ಎಂಟ ತಿಂಗಳಾತು. ಬಿಡ್ರಿ ಅದನ್ನ.”

“ಹೇಳ್ರೀ...!”

ಅವನು ಕಟ್ಟೆಯ ಮೇಲೆ ಕುಸಿದು ಕೂತ.

“ನಾ ಹಿಂದಕ ಒಮ್ಮೆ ಬದ್ಲಿ ಮಾಡೋದು ಅಪ್ಪಾರು ನೋಡಿದ್ರಲ್ಲ, ಎಳದು ಮತ್ತ ಹಾಕಿದ್ರ ಸರಿ ಹೊಕ್ಕೈತಿ ಅಂತ ತಿಳದ್ರು. ನಿಮ್ಗ ಅನುಕೂಲ ಆಗ್ಲಿ ಅಂತ ಮಾಡಿದ್ದರಿ ಅದು. ಖಾನೆ ತಪ್ಪಿತು. ಪೆಟಗಿ ಕೂಗಾಕತ್ತಿದ ಕೂಡ್ಲೆ ಗಾಬರ್ಯಾಗಿ ಇನ್ನೊಂದ್ ಎಳದ್ರು, ಕಂಡ ಗುಂಡಿ ಒತ್ತಿದ್ರು. ನೀವು ನನ್ನ ಒಳಗ ಬಿಟ್ಟು ಚಾ ತರಾಕ ಹೋದ್ರಿ... ಅಪ್ಪಾರು ನನ್ನ ಎರಡೂ ಕೈ ಹಿಡಕೊಂಡು ಅತ್ರು. ‘ನನ್ನ ಮಗಳ ದುಡಿಮಿ ಎಲ್ಲಾ ಸುಟ್ಟ ಹಾಕೀನಿ. ಅಕಿಗಿ ಮಾರಿ ಹ್ಯಾಂಗ ತೋರಸ್ಲಿ?’ ಅಂದ್ರು. ಎದಿ ಹಿಡಕೊಂಡು ಕುಂತ್ರು. ನನಗ ಅಂಜಿಕಿ ಬಂತು.”

“ಅದಕ್ಕ ನೀವು...”

“ಆ ಹೊತ್ತಿಗೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ನಾಕ ದಿನಾ ಸಿಟ್ಟ ಮಾಡ್ತೀರಿ, ಆಮ್ಯಾಲೆ ತಣ್ಣಗಾಗ್ತೀರಿ ಅಂತ ತಿಳದಿದ್ದೆ. ಆಗಲಿಲ್ಲ ನೀವು.”

ಬನಶ್ರೀ ಗೋಡೆಗೆ ಒರಗಿದಳು.

ಒಂದೊಂದಾಗಿ ನೆನಪಾಗತೊಡಗಿತು. ಆ ದಿನದಿಂದ ಅಪ್ಪ ಒಳಕೋಣೆಗೆ ಕಾಲಿಟ್ಟಿರಲಿಲ್ಲ. “ನಿಮ್ಮ ಕಸುಬು ಕ್ಯಾಮೆರಾದಾಗ ಹೇಳ್ರಿ ಅಪ್ಪಾ” ಎಂದು ಎಷ್ಟು ಬೇಡಿದರೂ “ಬ್ಯಾಡವಾ” ಎಂದು ಗೋಡೆಯ ಕಡೆ ತಿರುಗುತ್ತಿದ್ದರು. ಅದು ಅರುಣಕುಮಾರನ ಮೇಲಿನ ಸಿಟ್ಟು ಎಂದುಕೊಂಡಿದ್ದಳು!

ಮತ್ತೆ ತಾನು... ತಾನೇನು ಮಾಡಿದ್ದಳು?

ಊಟಕ್ಕೆ ಕೂತಾಗಲೆಲ್ಲ ಅಪ್ಪನೆದುರೇ ಅರುಣಕುಮಾರನನ್ನು ಬೈದಿದ್ದಳು. “ಆ ಕೈಗೆ ಹುಳಾ ಬೀಳ್ಲಿ” ಅಂದಿದ್ದಳು. “ಯಂಕವ್ವನ್ನ ಎರಡನೇ ಸಲ ಕೊಂದಾಂವ” ಅಂದಿದ್ದಳು. ಅಪ್ಪ ತುತ್ತು ಕೈಯಲ್ಲೇ ಹಿಡಿದು ಎದ್ದು ಹೋಗುತ್ತಿದ್ದರು.

“ಅಯ್ಯೋ ಅಪ್ಪಾ...! ನಾ ಬೈದದ್ದೆಲ್ಲಾ ನಿಮ್ಗ ಬಡೀತಲ್ಲ... ಎರಡು ವರ್ಷ ದಿನಾ ನಾ ನಿಮ್ಮ ಮಾರಿ ಮುಂದ ನಿಮ್ಮನ್ನ ಬೈದ್ನೆಲ್ಲ...”

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪನನ್ನು ಮಣ್ಣು ಮಾಡಿದ ದಿನವೂ ಅಷ್ಟು ಅತ್ತಿರಲಿಲ್ಲ.

ಅರುಣಕುಮಾರ ಹತ್ತಿರ ಬರಲು ಹೋಗಿ ನಿಂತ. ಮುಟ್ಟುವ ಹಕ್ಕು ತನಗಿಲ್ಲವೆಂಬಂತೆ.

ಬಹಳ ಹೊತ್ತಾದ ಮೇಲೆ ಅವಳು ತಲೆ ಎತ್ತಿದಳು. ಕಣ್ಣಲ್ಲಿ ನೀರಿನ ಜೊತೆ ಕಿಡಿಯೂ ಇತ್ತು.

“ನಿಮ್ಮ ಮ್ಯಾಲೂ ಸಿಟ್ಟೈತಿ ನನಗ. ಗೊತ್ತಿದ್ರ ಅಪ್ಪಗ ಕ್ಷಮಾ ಮಾಡ್ತಿದ್ದೆ. ಕೂಡ ಕುಂತು ಉಣ್ತಿದ್ದೆ. ನನಗ ಆ ಅವಕಾಶನೂ ಇಲ್ಲದಂಗ ಮಾಡಿದ್ರಿ ಇಬ್ರೂ ಕೂಡಿ!”

“ಹೌದ್ರಿ,” ಅವನು ಮೆಲ್ಲಗೆ ಅಂದ. “ಅದು ನನ್ನ ತಪ್ಪ. ಅದನ್ನ ಯಾರ ಮ್ಯಾಲೂ ಹಾಕಾಂಗಿಲ್ಲ.”

“ಅಪ್ಪ ಮತ್ತ ನಿಮ್ಗ ಸಿಕ್ಕಿದ್ರೇನು?”

“ತಿಂಗಳಿಗೊಮ್ಮೆ ನರಗುಂದಕ್ಕ ನನ್ನ ಅಂಗಡಿಗೆ ಬರ್ತಿದ್ರು. ನಿಮ್ಗ ಮುಶಿಗೇರಿಗಿ ಹೊಂಟೀನಿ ಅಂತ ಹೇಳಿ ಬರ್ತಿದ್ರಂತ. ಕಡೀಕ ಬಂದಾಗ ‘ಮುಂದಿನ ಸೋಮವಾರ ನೀ ಬಾ, ನಿನ್ನ ಎದುರಿಗೇ ಅಕಿಗಿ ಎಲ್ಲಾ ಹೇಳ್ತೀನಿ’ ಅಂದಿದ್ರು. ಶುಕ್ರವಾರ ಹೋಗಿಬಿಟ್ರು. ಆಮ್ಯಾಲೆ ನಾ ಬಂದು ಹ್ಯಾಂಗ ಹೇಳ್ಲಿ? ಸತ್ತವ್ರ ಮ್ಯಾಲೆ ತಪ್ಪ ಹಾಕ್ತಾನ ಅಂತಿದ್ರಿ.”

ಅಂತಿದ್ದೆ, ಅಂದುಕೊಂಡಳು ಬನಶ್ರೀ. ಖಂಡಿತ ಅಂತಿದ್ದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಒಳಗೆ ಹೋದಳು. ಆ ಹಳೆಯ ಸಾಲುಗಳನ್ನೂ ಮುದ್ರಿಸಿ ಕಳಕವ್ವನ ಮುಂದಿಟ್ಟಳು.

“ಬ್ಯಾಡ್ರಿ ಬನಶ್ರೀ!” ಅರುಣಕುಮಾರ ಬಾಗಿಲಿಂದಲೇ ಕೂಗಿದ. “ಅಪ್ಪಾರ ಹೆಸರು...”

“ಅಪ್ಪ ಸೋಮವಾರ ಏನು ಹೇಳಾಕಿದ್ರೋ ಅದನ್ನ ನಾ ಹೇಳ್ತೀನಿ. ಕಳಕವ್ವಾರ, ಇವ್ರು ತಪ್ಪ ಮಾಡಿಲ್ರಿ. ಅವತ್ತ ಡಿಸ್ಕ್ ಎಳದವ್ರು ನಮ್ಮ ಅಪ್ಪ.”

ಕಳಕವ್ವ ಕಾಗದ ನೋಡಿದಳು, ಅವಳನ್ನು ನೋಡಿದಳು, ಅವನನ್ನು ನೋಡಿದಳು. ಕುರ್ಚಿ ಹಿಡಿದು ನಿಧಾನವಾಗಿ ಕೂತಳು.

“ನಿಜಲಿಂಗಣ್ಣಾ... ಒಂದ ಮಾತ ಹೇಳಿದ್ರ ನಾವೇನ್ ನಿನ್ನ ನುಂಗ್ತಿದ್ವೇನೋ...” ಎಂದವಳು ಎದ್ದು ಅರುಣಕುಮಾರನ ತಲೆ ಸವರಿ, ಮಗ್ಗದವರಿಗೆ ಹೇಳಲು ಹೊರಗೆ ಹೋದಳು.

ಸಂಜೆ ಐದರ ಸುಮಾರಿಗೆ ಅಂಕಿ ನೂರಕ್ಕೆ ಮುಟ್ಟಿತು. ದುರ್ಬಲವಾಗಿದ್ದ ಐದನೆಯ ಡಿಸ್ಕ್ ಹೇಗೋ ಅಲ್ಲಿಯವರೆಗೆ ತಾಳಿತ್ತು. ಅದನ್ನೂ ಬದಲಿಸಿ, ಅರುಣಕುಮಾರ ಚೀಲದ ಜಿಪ್ಪು ಎಳೆದ. ಇದು ತುಂಬಲು ರಾತ್ರಿಯಾಗುತ್ತದೆ, ಉಳಿದವೆಲ್ಲ ಗಟ್ಟಿ, ಇನ್ನು ಭಯವಿಲ್ಲ ಅಂದ.

ಉಳಿದದ್ದು ಉಳಿಯಿತು. ಹೋದದ್ದು ಬರಲಿಲ್ಲ. ಯಂಕವ್ವನ ಧ್ವನಿಯೂ ಬರಲಿಲ್ಲ, ಅಪ್ಪನೂ ಬರಲಿಲ್ಲ.

ಕಟ್ಟೆಯ ಮೇಲೆ ಇಬ್ಬರೂ ಒಂದು ಮಾರು ದೂರ ಕೂತರು.

“ಮದುವಿ ಯಾಕ ಆಗಲಿಲ್ಲ?” ಅವಳು ಕೇಳಿದಳು.

“ಮನಸ್ಸು ಒಂದ ಕಡೆ ಇಟ್ಟು, ಬ್ಯಾರೆ ಹುಡುಗಿಗಿ ತಾಳಿ ಕಟ್ಟಿದ್ರ ಅದೂ ಒಂದ್ ಸುಳ್ಳ ಆಗತಿತ್ತು. ಒಂದ ಹೇಳಿದ್ದ ಸಾಕಾಗಿತ್ತು ನನಗ.” ಅವಳ ಕಡೆ ತಿರುಗಿ ಕೇಳಿದ. “ನೀವು?”

“ದಿನಾ ಬೈತಿದ್ನೆಲ್ಲ... ಮರತಾಕಿ ಹಂಗ ಬೈತಾಳೇನು?”

ಅವನ ಕಣ್ಣು ತುಂಬಿ ಬಂತು. ಅವಳು ಸರಿದು ಹತ್ತಿರ ಕೂತಳು. ಅವನ ಬಲಗೈಯನ್ನು ಎತ್ತಿ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಅಪ್ಪ ನಿಮ್ಮ ಅಂಗಡ್ಯಾಗ ಏನೇನ್ ಮಾತಾಡ್ತಿದ್ರು?”

“ಭಾಳ ಮಾತಾಡ್ತಿದ್ರು. ಎಲ್ಲಾ ನಿಮ್ಮ ಸುದ್ದಿನ.”

“ನನಗ ಹೇಳ್ರಿ. ಒಂದೂ ಬಿಡಬ್ಯಾಡ್ರಿ.”

“ಭಾಳ ದಿನಾ ಹಿಡೀತೈತಿ ಬನಶ್ರೀ...”

“ಹಿಡೀಲಿ,” ಅಂದಳು ಅವಳು, ಅವನ ಭುಜಕ್ಕೆ ತಲೆಯಿಟ್ಟು. “ಇಲ್ಲೇ ಇರ್ತೀನಿ.”