ಹನ್ನೊಂದನೆಯ ದಿನ ನಿಂತ ಕರ್ನಲ್

ಬೂದುಗುಂಬಳಕ್ಕೆ ಹಚ್ಚಿದ ಕುಂಕುಮ, ಕರ್ಪೂರದ ಹೊಗೆ, ಅದರ ಜೊತೆಗೆ ಎಣ್ಣೆ, ಮಸಿ. ಯಶವಂತಪುರದಲ್ಲಿ ಅಪ್ಪನ ಪ್ರೆಸ್ಸಿನ ಆಯುಧಪೂಜೆಯ ವಾಸನೆ ಅದು. ಅವತ್ತು ಯಂತ್ರ ನಿಲ್ಲಿಸಿದ ಮೇಲೆಯೇ ಅಪ್ಪ ಆರತಿ ಎತ್ತುತ್ತಿದ್ದರು.

ಇವತ್ತು ಮತ್ತಿಕೆರೆಯ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಕಾಲಿಟ್ಟಾಗ ಅದೇ ಕರ್ಪೂರ, ಅದೇ ಕುಂಕುಮ. ಒಳಗೆ ಮಹತಿ ಅಳುತ್ತಿದ್ದಳು.

"ಆಂಟೀ, ನಿಂತೇಹೋಗಿದೆ!"

ಮಹತಿ ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ. ನಾನು ಇದೇ ಕಾಲೇಜಿನ ಲೈಬ್ರರಿಯಿಂದ ನಿವೃತ್ತಳಾದವಳು. ಕಂಪ್ಯೂಟರನ್ನು ಒಳಗಿನಿಂದ ಆಳುವ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರೆ. ಇವಳು ಬರೆದದ್ದು ಬೇರೆ ಬಗೆ—ಕ್ಯಾಲ್ಕುಲೇಟರಿನ ಹಾಗೆ, ಒಂದು ಸಾಮಾನ್ಯ ಪ್ರೋಗ್ರಾಮ್ ಆಗಿ ಓಡುವ ಕರ್ನಲ್. ಮೊದಲು ದಿನಕ್ಕೊಮ್ಮೆ ಕುಸಿಯುತ್ತಿತ್ತು. ಎರಡು ವರ್ಷ ಕೂತು ತಿದ್ದಿದ್ದಳು. ಈಗ ಹನ್ನೆರಡು ದಿನ ಎಡೆಬಿಡದೆ ಓಡಿದರೆ ಪ್ರಬಂಧಕ್ಕೆ ಒಪ್ಪಿಗೆ. ಇವತ್ತಿಗೆ ಹನ್ನೊಂದು; ಪ್ರಬಂಧ ಒಪ್ಪಿಸಲು ನಾಳೆಯೇ ಕೊನೆಯ ದಿನ. ತಪ್ಪಿದರೆ ಸೀಟೇ ಹೋಗುತ್ತದೆ.

"ತಾನಾಗಿ ಬಿತ್ತಾ?"

"ಇಲ್ಲ. ಹತ್ತು ನಲವತ್ತಕ್ಕೆ ಯಾರೋ ಮುಚ್ಚಿದ್ದಾರೆ."

"ಕರೆಂಟು?"

"ಹೋಗಿಲ್ಲ ಆಂಟಿ. ಮಿಷನ್ ಆನ್ ಆಗೇ ಇದೆ ನೋಡಿ."

ಹಿಂದಿನ ಸಾಲಿನಲ್ಲಿ ಅವಳ ಸಹಪಾಠಿ ಆಕರ್ಷ್ ಪ್ರಸಾದದ ಚಿತ್ರಾನ್ನ ತಿನ್ನುತ್ತಿದ್ದ.

"ಹತ್ತು ನಲವತ್ತಕ್ಕೆ ಎಲ್ಲಿದ್ದೆಯಪ್ಪಾ?"

"ಇಲ್ಲೇ, ಪೂಜೆಗೂ ಮುಂಚೆನೇ ಮೊದಲನೇ ಪ್ಲೇಟ್ ಚಿತ್ರಾನ್ನ ಬಾರಿಸ್ತಿದ್ದೆ. ಆ ಮಿಷನ್ ಬೇಕು ಅಂತ ಜಗಳ ಆಡಿದ್ದು ನಿಜ. ಆದ್ರೆ ಮುಟ್ಟಿಲ್ಲ ಕಣ್ರೀ!"

"ಸುಳ್ಳು!" ಎಂದಳು ಮಹತಿ.

ನಾನು ಅವನ ಬೆರಳು ನೋಡಿದೆ. ಅರಿಶಿನ, ಎಣ್ಣೆ. ಆಮೇಲೆ ಮೇಜು ನೋಡಿದೆ. ಸಾಲಿನ ಎಲ್ಲ ಕಂಪ್ಯೂಟರೂ ಆಫ್, ಮಹತಿಯದಷ್ಟೇ ಬೆಳಗುತ್ತಿತ್ತು. ಪರದೆಯ ತುಂಬ ದೇವಿಯ ಚಿತ್ರ. ಮೌಸಿನ ಮೇಲೆ ಒಣ ಕೆಂಪು ಬೆರಳಚ್ಚು. ಗಾಳಿಯ ಕಿಂಡಿಗೆ ಅಡ್ಡಬಾರದೆಂದು ಚೆಂಡುಹೂವನ್ನು ಸ್ವಲ್ಪ ಪಕ್ಕಕ್ಕೆ ಇಟ್ಟಿದ್ದರು.

ಲ್ಯಾಬಿನ ಅಟೆಂಡರ್ ಕಾಶಿನಾಥ ಆರತಿ ತಟ್ಟೆ ಒರೆಸುತ್ತಿದ್ದರು.

"ಕಾಶಿನಾಥ, ಇದೊಂದನ್ನ ಯಾಕೆ ಆಫ್ ಮಾಡ್ಲಿಲ್ಲ?"

"ಆಫ್ ಮಾಡ್ಬೇಡಿ, ಕರ್ನಲ್ ಓಡ್ತಿದೆ ಅಂದಿದ್ರಲ್ಲ ಆ ಯಮ್ಮ. ಹಂಗೇ ಓಡ್ಲಿ ಅಂತ ಪೂಜೆ ಮಾಡ್ದೆ."

"ಪರದೆ ಮೇಲೆ ಕಪ್ಪು ಕಿಟಕಿ ಒಂದಿತ್ತಲ್ಲ?"

"ದೇವಿ ಫೋಟೋ ಹಾಕೋಕೆ ಅದನ್ನ ಮುಚ್ಚಿದೆ. ಮುಚ್ಚಲಾ ಅಂತ ಕೇಳ್ತು, ಹೂಂ ಅಂದೆ. ಬರೀ ಪ್ರೋಗ್ರಾಮ್ ಅಲ್ವಾ ಮೇಡಂ ಅದು? ಮಿಷನ್ ಮುಟ್ಲಿಲ್ವಲ್ಲ?"

ಮಹತಿ ತಲೆ ಎತ್ತಿದಳು.

"ಆಕರ್ಷ್ ಮುಟ್ಟಿದ್ದರೆ ಮೌಸಿಗೆ ಎಣ್ಣೆ ಅಂಟುತ್ತಿತ್ತು," ಎಂದೆ. "ಇಲ್ಲಿರುವುದು ಒಣ ಕುಂಕುಮ. ಮುಚ್ಚಿದವರು ಕಾಶಿನಾಥ. ನೀನು ಕರ್ನಲ್ ಅಂದೆ. ಅವರು ಇಡೀ ಮಿಷನ್ನನ್ನೇ ಕಾಪಾಡಿದರು. ನಿನ್ನ ಕರ್ನಲ್ ಆ ಕಿಟಕಿಯೊಳಗೆ ಇತ್ತು ಅಂತ ಯಾರೂ ಅವರಿಗೆ ಹೇಳಿರಲಿಲ್ಲ."

"ಮತ್ತೆ ಶುರು ಮಾಡಿದ್ರೆ?" ಆಕರ್ಷ್ ಕೇಳಿದ.

"ಒಂದನೇ ದಿನ," ಎಂದಳು ಮಹತಿ.

ಗೈಡಿಗೆ ಫೋನ್ ಮಾಡಿದಳು. ಕೊನೆಯ ದಿನಾಂಕ ತಮ್ಮ ಕೈಯಲ್ಲಿಲ್ಲ ಎಂದರಂತೆ. ಬೈಯಬೇಕೆಂದು ಕಾಶಿನಾಥರ ಮುಖ ನೋಡಿದಳು, ಬೈಯಲಾಗಲಿಲ್ಲ.

ಪೂಜೆಗೆಂದು ಕಾಶಿನಾಥ ಬೆಳಗಿನಿಂದ ಏನೂ ತಿಂದಿರಲಿಲ್ಲ. ಹೋಗಿ ತಮ್ಮ ಬ್ಯಾಗಿನಿಂದ ಡಬ್ಬಿ ತಂದರು. ಮುಚ್ಚಳ ತೆಗೆದು, ಕೀಬೋರ್ಡನ್ನು ಮುಟ್ಟದ ಹಾಗೆ, ಅವಳ ಮುಂದಿಟ್ಟರು.