ಕಡಲು ಕಳಿಸದ ಅಂಕಿಗಳು

"ಮನೋಹರ!!"

ಗಾಂಧಿ ಬಜಾರಿನಲ್ಲಿ ನಿಶ್ಚಿತಾರ್ಥದ ಸೀರೆ ಕೊಂಡು ಅಂಗಡಿಯಿಂದ ಹೊರಬಂದ ತನುಶ್ರೀ ಗಕ್ಕನೆ ನಿಂತಳು. ಎದುರಿಗೇ ನಿಂತಿದ್ದಾನೆ, ಅವಳ ಕೈಹಿಡಿಯಬೇಕಾದವನು! ಅರಬ್ಬೀ ಸಮುದ್ರದ ಮಧ್ಯೆ ಹಡಗಿನಲ್ಲಿ ಇರಬೇಕಾಗಿದ್ದವನು!

"ಬೆಳಿಗ್ಗೆ ತಾನೇ ಹಡಗಲ್ಲಿದ್ದೀನಿ ಅಂತ ಮೆಸೇಜ್ ಮಾಡಿದ್ಯಲ್ಲೋ..."

ಅವನ ಮುಖ ಬಿಳಿಚಿಕೊಂಡಿತು.

ಬೇರೆ ಯಾವಳಾದರೂ ಇದ್ದಾಳಾ? ಪ್ರೀತಿಸುವ ಮನಸ್ಸು ಮೊದಲು ಅಲ್ಲಿಗೇ ಓಡಿತು ನೋಡಿ!

"ಹಡಗು ನಿಂತು ತಿಂಗಳುಗಳಾಯ್ತು, ತನು. ದುಡ್ಡಿಲ್ಲ ಅಂತ ಪ್ರಾಜೆಕ್ಟ್ ಮುಚ್ಚಿದ್ರು. ಸಮುದ್ರದ ಬಿಸಿ ಅಳೆಯೋ ಯಂತ್ರಗಳು ಒಂದೊಂದೇ ಕೆಟ್ಟು ಸುಮ್ಮನಾದ್ವು. ರಿಪೇರಿಗೆ ಹೋಗೋರೇ ಇಲ್ಲ."

ಅಬ್ಬಾ, ಇಷ್ಟೇನಾ ಎಂದು ಉಸಿರು ಬಿಡುವಷ್ಟರಲ್ಲಿ ಅವಳಿಗೆ ಇನ್ನೊಂದು ಹೊಳೆಯಿತು.

"ಹಾಗಾದ್ರೆ... ವಾರ ವಾರ ನನಗೆ ಕಳಿಸ್ತಿದ್ದ ಸಮುದ್ರದ ಬಿಸಿಯ ಅಂಕಿಗಳು?"

ಅವನು ಅವಳ ಕೈಯಲ್ಲಿದ್ದ ಸೀರೆಯ ಚೀಲದತ್ತ ನೋಡಿದ.

"ಹೇಳೋ ಮಾರಾಯ!"

"ಹೋದ ವರ್ಷದ್ದು... ಸ್ವಲ್ಪ ಹೆಚ್ಚು ಕಮ್ಮಿ ಮಾಡಿ..."

ಅಯ್ಯೋ ದೇವರೇ! ಕಡಲು ಕಾದಂತೆ ನಮ್ಮ ಕಡೆಯ ಮಳೆ ಹೇಗೆ ಬದಲಾಗುತ್ತದೆ ಎಂಬುದೇ ಅವಳ ಸಂಶೋಧನೆ. ಥೀಸಿಸ್ ಮೊನ್ನೆ ತಾನೇ ಗೈಡ್ ಕೈ ಸೇರಿತ್ತು. ಅದರ ಬುಡವೇ ಸುಳ್ಳು!

"ಯಾಕೋ ಹಿಂಗ್ ಮಾಡ್ದೆ? ಕಳೆದುಹೋದ ತಿಂಗಳ ಬಿಸಿನ ಈಗ ಹೋಗಿ ಅಳೆಯೋಕಾಗತ್ತಾ? ಇದನ್ನ ನಂಬಿ ನಾಳೆ ಯಾರಾದ್ರೂ ಮಳೆ ಲೆಕ್ಕ ಹಾಕಿದ್ರೆ?"

"ಭದ್ರಾವತೀಲಿ ಫ್ಯಾಕ್ಟರಿ ಮುಚ್ಚಿದ್ಮೇಲೂ ನಮ್ಮಪ್ಪ ಟಿಫನ್ ಬಾಕ್ಸ್ ಹಿಡ್ಕೊಂಡು ದಿನಾ ಡ್ಯೂಟಿಗೆ ಅಂತ ಹೊರಡ್ತಿದ್ರು. ನಮಗೆ ಗೊತ್ತಾಗ್ಬಾರ್ದು ಅಂತ. ಅವರ ಮೇಲೆ ಎಷ್ಟು ಸಿಟ್ಟು ಮಾಡ್ಕೊಂಡಿದ್ದೆ... ಕೊನೆಗೆ ನಾನೂ ಅದನ್ನೇ ಮಾಡ್ದೆ. ಕೆಲಸ ಇಲ್ಲದೋನಿಗೆ ನೀನು ಸಿಗ್ತೀಯಾ ಅಂತ ಭಯ ಆಯ್ತು."

ಕೆನ್ನೆಗೆ ಬಾರಿಸಲಾ, ತಬ್ಬಿಕೊಳ್ಳಲಾ? ಅವಳಿಗೆ ತಿಳಿಯಲಿಲ್ಲ. ಮೊದಲು ಗೈಡ್‌ಗೆ ಫೋನ್ ಮಾಡಿದಳು.

"ಮೀರಾ ಮೇಡಂ, ಥೀಸಿಸ್ ವಾಪಸ್ ತಗೋತೀನಿ. ಈ ವರ್ಷದ ಅಂಕಿ ನಿಜ ಅಲ್ಲ. ಆ ಜಾಗ ಖಾಲಿ ಬಿಟ್ಟು, ಯಾಕೆ ಖಾಲಿ ಅಂತಲೇ ಬರೀತೀನಿ."

ಮನೋಹರ ಬೆಚ್ಚಿಬಿದ್ದ. "ತನು, ನಿನ್ನ ಡಾಕ್ಟರೇಟ್!"

"ಇನ್ನೊಂದ್ಸಲ ದುಡೀತೀನಿ. ಮೇಡಂ ಹತ್ರ ನೀನೂ ಬಂದು ಒಪ್ಕೋಬೇಕು."

"ಬರ್ತೀನಿ." ಅವನು ತಲೆ ತಗ್ಗಿಸಿದ. "ನನ್ನನ್ನೂ... ವಾಪಸ್ ಮಾಡ್ತೀಯಾ?"

ಕಣ್ಣೊರೆಸಿಕೊಳ್ಳುತ್ತಲೇ ಅವಳಿಗೆ ನಗು ಬಂತು. "ಕೆಲಸ ಹೋಗಿದ್ದಕ್ಕೆ ಬಿಡೋಳಾ ನಾನು? ಗೂಬೆ! ಆದ್ರೆ ಇನ್ಮೇಲೆ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಹೇಳ್ಬೇಕು. ಆಣೆ?"

"ನಿನ್ನಾಣೆ."

"ಸರಿ, ಮುಂದೆ ಏನ್ ಮಾಡ್ತೀಯ?"

"ಗೊತ್ತಿಲ್ಲ."

"ಮದುವೆ ಹೊತ್ತಿಗೆ ಕೆಲಸ ಸಿಗತ್ತಾ?"

"ಗೊತ್ತಿಲ್ಲ, ತನು..."

"ನಾನು ಬೇಕಾ?"

"ಬೇಕು ಮಾರಾಯ್ತಿ... ಬೇಕೇ ಬೇಕು!"