ತನ್ನನ್ನೇ ಎಣಿಸದ ಸ್ಕ್ರಿಪ್ಟ್

ಬಾಗಿಲಲ್ಲಿ ಕೆಮ್ಮು ಕೇಳಿದಾಗಲೇ ಕಂಪ್ಯೂಟರ್ ರಿಪೇರಿಯ ವೀರಭದ್ರ ಬಂದನೆಂದು ಸ್ನೇಹಲ್‌ಗೆ ಗೊತ್ತಾಯಿತು. ಬಸವಕಲ್ಯಾಣದ ಬಸ್ಸಿನ ಧೂಳು ಒರೆಸಿಕೊಂಡು ಹಾಗೆ ಕೆಮ್ಮುವುದು ಅವನ ಅಭ್ಯಾಸ. ಆ ಕೆಮ್ಮಿಗೆ ಅವಳ ಮೈ ಉರಿಯುತ್ತಿತ್ತು. ಎದೆಯೂ ಹೊಡೆದುಕೊಳ್ಳುತ್ತಿತ್ತು, ಅದಕ್ಕೂ ಅವನ ಮೇಲೇ ಸಿಟ್ಟು.

“ಸರ್ವರ್ ಮತ್ತ ಸ್ಲೋ ಆಗೇದೇನ್ರಿ ಮೇಡಂ?”

“ಇಲ್ರಿ, ಕುದುರಿ ಓಡಿದಂಗ ಓಡಾಕತ್ತದ! ನಿನ್ನೆ ನಮ್ಮ ಸ್ಟೂಡೆಂಟ್ ಪೂನಂ ಒಂದು ಫೈಲ್ ಸೇವ್ ಆಗಾತನ ಕುಂತು ಊರಿಗೆ ಹೋಗೋ ಮನ್ನಾಏಖೇಳ್ಳಿ ಬಸ್ ತಪ್ಪಿಸಿಕೊಂಡಾಳ.”

ಹುಮನಾಬಾದಿನ ಈ ಕಂಪ್ಯೂಟರ್ ಸೆಂಟರನ್ನು ಸ್ನೇಹಲ್ ಮನೆಯವರೊಡನೆ ಜಗಳವಾಡಿ ತೆರೆದಿದ್ದಳು. 2009ರ ಬೇಸಿಗೆ. ಸೋಮವಾರ ಆನ್‌ಲೈನ್ ಪರೀಕ್ಷೆ. ಸರ್ವರ್ ಕೈಕೊಟ್ಟರೆ ಸೆಂಟರಿಗೆ ಬೀಗ. ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ನಿಮಿಷಕ್ಕೊಮ್ಮೆ ನೋಡಲು ವೀರಭದ್ರ ಪೈಥಾನ್ ಭಾಷೆಯ ಲೈಬ್ರರಿ ಬಳಸಿ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದು ಕೂರಿಸಿದ್ದ. ದಿನವೂ ಅದು ಎಲ್ಲ ಸರಿಯಿದೆ ಎನ್ನುತ್ತಿತ್ತು, ಸರ್ವರ್ ಮಾತ್ರ ದಿನದಿಂದ ದಿನಕ್ಕೆ ತೆವಳುತ್ತಿತ್ತು.

ಸ್ನೇಹಲ್ ಮಾನಿಟರನ್ನು ಅವನತ್ತ ತಿರುಗಿಸಿದಳು. ಬೆಳಿಗ್ಗೆ ತಲೆಕೆಟ್ಟು ಓಡುತ್ತಿರುವ ಪ್ರೋಗ್ರಾಂಗಳನ್ನೆಲ್ಲ ತೋರಿಸುವ ಸಿಸ್ಟಮ್ಮಿನದೇ ಪ್ರೋಸೆಸ್ ವಿಂಡೋ ತೆರೆದಿದ್ದಳು. ಪರದೆ ತುಂಬ ಪೈಥಾನ್, ಪೈಥಾನ್, ಪೈಥಾನ್. ವೀರಭದ್ರನ ಸ್ಕ್ರಿಪ್ಟಿನ ಹೊಸ ಪ್ರತಿ ನಿಮಿಷಕ್ಕೊಂದು ಏಳುತ್ತಿತ್ತು, ಹಳೆಯದು ಮುಗಿಯುತ್ತಲೇ ಇರಲಿಲ್ಲ.

“ಎಲ್ಲಾರ್ನೂ ಎಣಿಸ್ತದ, ತನ್ನನ್ನ ಮಾತ್ರ ಬಿಡ್ತದ. ಹಂಗ ಬರದವರು ಯಾರ್ರಿ?”

“ನಾನೇರಿ.”

“ಬೇಕಂತ ಮಾಡೀರೋ, ದಡ್ಡತನನೋ? ಖರೇ ಹೇಳ್ರಿ.”

ಅವನ ಕಿವಿ ಕೆಂಪಾದವು. ದೃಷ್ಟಿ ಅವಳ ಬಳೆಯ ತನಕ ಬಂದು ಅಲ್ಲೇ ನಿಂತಿತು.

“ಮೊದಲ ದಡ್ಡತನನ್ರಿ. ಮೊನ್ನೆ ಗೊತ್ತಾತು. ಸರಿ ಮಾಡಿದ್ರ ನೀವು ಮತ್ತ ಕರೆಯಂಗಿಲ್ಲ ಅಂತ... ನಿಮ್ಮನ್ನ ನೋಡಲಾರದೆ ಇರಾಕ ಆಗವಲ್ದುರಿ.”

“ಅದಕ್ಕ ನನ್ನ ಸೆಂಟರ್ ಮುಳುಗಿಸ್ತೀರಿ?”

“ತಪ್ಪಾತ್ರಿ. ಇವತ್ತ ತೆಗೀಬೇಕಂತನೇ ಬಂದೀನಿ.”

ಅವನು ಕುಳಿತು ಆ ಪ್ರತಿಗಳನ್ನೆಲ್ಲ ನಿಲ್ಲಿಸಿದ, ಸ್ಕ್ರಿಪ್ಟನ್ನು ಅಳಿಸಿದ. ಮೌಸ್ ಮುಟ್ಟುತ್ತಲೇ ಫೈಲುಗಳು ತೆರೆದುಕೊಳ್ಳತೊಡಗಿದವು. ಪರೀಕ್ಷೆ ಉಳಿಯಿತು. ಸ್ನೇಹಲ್‌ಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

“ಇನ್ನ ಕೆಡಂಗಿಲ್ರಿ. ಬರ್ತೀನಿ,” ಎಂದು ಅವನು ಬ್ಯಾಗ್ ಎತ್ತಿಕೊಂಡ. ಬಾಗಿಲ ತನಕ ಹೋಗಿಯೂ ಬಿಟ್ಟ. ಇಂಥ ಮನುಷ್ಯನನ್ನು ಕಟ್ಟಿಕೊಂಡು ಏನು ಮಾಡುವುದೆಂದು ಅವಳು ಹಣೆ ಚಚ್ಚಿಕೊಂಡಳು.

“ನಿಂದ್ರಿ! ಹ್ವಾದ ವಾರ ನೆಟ್‌ವರ್ಕ್ ವೈರ್ ಕಳಚೇದಂತ ನಿಮ್ಮನ್ನ ಕರೆಸಿದ್ದೆ. ಗೋಡಿಗೆ ಮೊಳಿ ಹೊಡದು ಕಟ್ಟಿದ ವೈರ್ ತಾನಾಗೇ ಕಳಚ್ತದೇನ್ರಿ?”

ವೀರಭದ್ರ ಬಾಗಿಲಲ್ಲೇ ಯೋಚಿಸುತ್ತ ನಿಂತ. ಬಹಳ ಹೊತ್ತು ಯೋಚಿಸಿದ.

“ಇಲಿ ಇರಬೇಕೇನ್ರಿ?”

“ನಾನೇ ಕಿತ್ತಿದ್ದೆ, ಮಾರಾಯ್ರ!”